ಬ್ಯಾರೆ

ರಾತ್ರಿ ಹನ್ನೊಂದಕ್ಕೆ ಕುಂಚಗಳಿಗೆ ತಲೆಸ್ನಾನ.
ಉಗುರುಬೆಚ್ಚನೆ ನೀರು, ಕೂಸಿನ ಶಾಂಪೂ,
ಅಂಗೈಯಲ್ಲಿ ಸುತ್ತಿ ಸುತ್ತಿ ತಿಕ್ಕಿದರೆ
ಮೂರು ಮದುವೆಯ ಕೆನ್ನೆಗಳು
ಬಚ್ಚಲಿಗಿಳಿದು ಹೋಗುತ್ತವೆ.
ತಲೆಕೆಳಗಾಗಿ ತಂತಿಗೆ ಸಿಕ್ಕಿಸಬೇಕು;
ಹಿಡಿಯೊಳಗೆ ನೀರಿಳಿದರೆ ಅಂಟು ಬಿಟ್ಟು
ಕೂದಲುದುರುತ್ತವೆ, ನನಗೆ ಉದುರಿದ ಹಾಗೆ, ನಲವತ್ತಕ್ಕೇ.

ನಿಟ್ಟುವಳ್ಳಿಯ ಈ ಹತ್ತಡಿ ಪಾರ್ಲರಿನ ಬೋರ್ಡಿನಲ್ಲಿ
ಅಪ್ಪನ ಹೆಸರಿಲ್ಲ. ಕೈ ಮಾತ್ರ ಅವನದೇ.
ಜಗಳೂರಿನಾಚೆ ಒಂದು ಊರು, ಬೇವಿನ ಮರ,
ಹಡಪದ ಕೊಟ್ರಪ್ಪ.
ಕತ್ತಿ ಮಸೆಯುವ ತೊಗಲು, ಪಟಿಕದ ಹಳಕು, ಹಿತ್ತಾಳೆ ಬಟ್ಟಲು.
ಗೌಡರ ಗಡ್ಡಕ್ಕೂ ಗುಮಾಸ್ತರ ತಲೆಗೂ
ಅದೇ ಕತ್ತಿ, ಅದೇ ನೊರೆ, ಅದೇ ನೀರು.
ಕೇರಿಯ ಕಡೆಯಿಂದ ಯಾರಾದರೂ ಬಂದರೆ
'ಇವತ್ತು ಮಸೆದಿಲ್ಲಪ್ಪ' ಎಂದು ಪೆಟ್ಟಿಗೆ ಮುಚ್ಚುತ್ತಿದ್ದ.
ಎಷ್ಟು ವರ್ಷ ಮಸೆದಿರಲಿಲ್ಲ ಎಂದು ನಾನು ಕೇಳಲಿಲ್ಲ.
ಹುಡುಗಿ. ಕೂದಲು ಗುಡಿಸುತ್ತಿದ್ದೆ.

ಬೆಳಗಿನ ನಾಲ್ಕೂವರೆ, ಜಗಳೂರಿನ ಸಮುದಾಯ ಭವನ.
ಎರಡು ಟ್ಯೂಬ್‌ಲೈಟು: ಒಂದು ಉರಿಯುತ್ತದೆ, ಒಂದು ಯೋಚಿಸುತ್ತದೆ.
ಮೇಜಿಗೆ ಒಗೆದ ಬಿಳಿ ಪಂಚೆ ಹಾಸಿ
ಸ್ಪಿರಿಟ್ಟು, ಹತ್ತಿ, ಸ್ಟೀಲಿನ ತಟ್ಟೆ, ಚಪ್ಪಟೆ ಚಮಚ.
ಮದುಮಗಳೂ ಸೇರಿ ಹತ್ತೊಂಬತ್ತು ಮುಖ.
ಡಬ್ಬಿಗೆ ಬೆರಳದ್ದಲು ಬಂದ ಚಿಗವ್ವನ ಮಣಿಕಟ್ಟು ಹಿಡಿದೆ:
'ಕ್ರೀಮೇ ತಟ್ಟೆಗೆ ಬರ್ತದೆ, ನೀವು ಡಬ್ಬಿಗೆ ಹೋಗಬ್ಯಾಡ್ರಿ.'
ತುಟಿಬಣ್ಣ ಬೆಣ್ಣೆಯ ಹಾಗೆ ಕೆರೆದು ತಟ್ಟೆಗಿಳಿಸಿದೆ.
ರೆಪ್ಪೆ ತೀಡುವ ಕಡ್ಡಿ ಒಬ್ಬರಿಗೆ, ಒಂದೇ ಸಲ.
ಕೂಲಿಂಗ್ ಗ್ಲಾಸು ತೆಗೆಯದ ನಾದಿನಿಗೆ ಕೆಂಗಣ್ಣು;
'ಕಾಡಿಗೆ ಇವತ್ತು ಬ್ಯಾಡ ತಂಗಿ' ಎಂದರೆ
'ಎಲ್ಲರಿಗೂ ಹಚ್ಚಿ ನನಗೊಬ್ಬಳಿಗೆ' ಎನ್ನುತ್ತ
ಮತ್ತಷ್ಟು ಕೆಂಪಾದಳು.

ಕೊನೆಗೆ ಮರಿಯಕ್ಕ, ಮದುಮಗಳ ಅಜ್ಜಿ.
ಬ್ಯಾಡ ಬ್ಯಾಡ ಎನ್ನುವಾಗಲೇ ಯಾರೋ ಎಳೆತಂದು ಕೂರಿಸಿದರು.
ನಾನು ಹೊಸ ಸ್ಪಂಜಿನ ಪೊಟ್ಟಣ ಹರಿದೆ.
ಆ ಸದ್ದಿಗೆ ಅವಳ ಸೆರಗು ಹಣೆಯವರೆಗೆ ಬಂತು.
'ನನಗೆ ಬ್ಯಾರೆಯಾ?'

ಬ್ಯಾರೆ.
ಹೋಟೆಲಿನ ಹಿತ್ತಿಲ ಗೋಡೆಗೆ ಸಿಕ್ಕಿಸಿದ ಲೋಟ,
ಎತ್ತರದಿಂದ ಬೊಗಸೆಗೆ ಸುರಿದ ನೀರು,
ಆ ಮಾತು ಎಲ್ಲೆಲ್ಲಿ ಹಾದು
ಈ ಕುರ್ಚಿಗೆ ಬಂದು ಕೂತಿತ್ತೋ.

'ನೀನು ಕೊಟ್ರಪ್ಪನ ಮಗಳಲ್ಲೇನವ್ವ,' ಮೆಲ್ಲಗೆ ಅಂದಳು.
'ನಮ್ಮ ಅಂಜಿನಿ, ಈ ಹುಡುಗಿ ಅಪ್ಪ,
ಮದುವೆ ಹಿಂದಿನ ದಿನ ಗಡ್ಡ ತೆಗೆಸಾಕೆ
ಏಳು ಮೈಲಿ ನಡೆದ. ಬಿಸಿಲಾಗೆ.'

ತರಬೇತಿಯಲ್ಲಿ ಕಲಿತದ್ದೆಲ್ಲ ನಾಲಗೆಯ ತುದಿಯಲ್ಲಿತ್ತು,
ಸೋಂಕು, ಬ್ಯಾಕ್ಟೀರಿಯಾ, ಚರ್ಮದ ರಂಧ್ರ.
ಒಂದೂ ಹೊರಡಲಿಲ್ಲ.
ಮೇಜಿನಡಿಯ ಕಸದಬುಟ್ಟಿ ಎಳೆದು
ಅವಳ ಪಾದದ ಹತ್ತಿರ ಇಟ್ಟೆ.
ಇದು ನಿನ್ನ ಮೊಮ್ಮಗಳದ್ದು. ಇದು ಬೀಗತಿದು.
ಇದು ಚಿಗವ್ವನದು, ಬೆರಳದ್ದಲು ಬಂದಳಲ್ಲ, ಅವಳದ್ದು.
ಮೊರದಲ್ಲಿ ಕಲ್ಲು ಹುಡುಕುವವಳಂತೆ ಬಗ್ಗಿ
ಮರಿಯಕ್ಕ ಬಹಳ ಹೊತ್ತು ನೋಡಿದಳು.

'ಗೌಡರ ಮನೇಲೂ ಹಿಂಗೇನಾ?'
'ಹಿಂಗೇ ಅವ್ವ.'
'ಗೌಡಸಾನಿಗೆ ಹಚ್ಚಿದ್ದೂ ಬಿಸಾಕ್ತೀಯಾ?'
'ಬಿಸಾಕ್ತೀನಿ.'
ಎರಡೇ ಹಲ್ಲಿನ ಬಾಯಿ ಸೆರಗಿನ ಮರೆಯಲ್ಲಿ
ಬಿಟ್ಟು ಬಿಟ್ಟು ನಕ್ಕಿತು. 'ಹಂಗಾದ್ರೆ ಹಚ್ಚು.'

ಮೊಣಕೈವರೆಗೆ ಸೋಪು ಹಚ್ಚಿ ಮತ್ತೆ ಕೈ ತೊಳೆದು ಬಂದೆ.
ಅವಳ ಸುಕ್ಕುಗಳಲ್ಲಿ ಬಣ್ಣ ನಿಲ್ಲಲಿಲ್ಲ,
ಒತ್ತಿದಲ್ಲಿ ಒಂದಿಷ್ಟು, ಹೊಳೆಯಲ್ಲಿ ಮರಳು ನಿಂತ ಹಾಗೆ.
ಮುಗಿದ ಮೇಲೆ ಕೈ ಚಾಚಿದಳು.
'ನಂದು ಬಿಸಾಕಬ್ಯಾಡ. ಕೊಡು.'
ಎಲೆಯಡಿಕೆ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ
ತುರುಕಿ, ದಾರ ಎಳೆದು ಬಿಗಿದಳು.
ಅಷ್ಟರಲ್ಲಿ ಹೊರಗೆ ಓಲಗದವರು
ಶ್ರುತಿ ಹಿಡಿಯದೆ ಜಗಳಾಡುತ್ತಿದ್ದರು.

ಈಗ ತಂತಿಯ ಮೇಲೆ ಕುಂಚಗಳು ತೊಟ್ಟಿಕ್ಕುತ್ತಿವೆ.
ಕಸ ಕಟ್ಟುವ ಮೊದಲು ಎಣಿಸುವುದು ನನ್ನ ಚಾಳಿ.
ಹತ್ತೊಂಬತ್ತು ಮುಖ.
ಬುಟ್ಟಿಯಲ್ಲಿ ಹದಿನೆಂಟು.